ಹ್ಯಾಂಡಲ್ ಹೊಡೆದವರು

ಫೆಬ್ರವರಿ ೬, ಸೋಮವಾರ

ಇವರು ಇವತ್ತು ಫೋನ್ ಮಾಡಿದ್ದರು. ಮನೆ ಬಿಟ್ಟು ಆಕೆಯ ಜೊತೆ ಹೋದ ಮೇಲೆ ಇದೇ ಮೊದಲು. ನಾನು ಹೇಗಿದ್ದೇನೆ ಎಂದು ಕೇಳಲಿಲ್ಲ. ತಮ್ಮ ತಾಯಿ ಹೇಗಿದ್ದಾರೆ ಎಂದೂ ಕೇಳಲಿಲ್ಲ. ಕೇಳಿದ್ದು ಕಾರನ್ನು.

"ಇಲ್ಲಿ ಶೆಡ್ ಕಟ್ಟಿಸ್ತಾ ಇದೀನಿ. ಮುಗಿದ ತಕ್ಷಣ ಲಾರಿ ತರ್ತೀನಿ. ಅಪ್ಪನ ಕಾರು ಅದು, ನನ್ನ ಹತ್ರ ಇರಬೇಕು. ಅಲ್ಲೀವರೆಗೂ ಯಾರೂ ಮುಟ್ಟೋದು ಬೇಡ. ನೀನಂತೂ ಹತ್ರಾನೇ ಹೋಗಬೇಡ."

"ನಿಮ್ಮಮ್ಮ?" ಎಂದೆ.

"ಅಮ್ಮನ ವಿಷಯ ಆಮೇಲೆ ನೋಡೋಣ" ಎಂದು ಇಟ್ಟುಬಿಟ್ಟರು.

ಅವರ ತಾಯಿ ಬಾಗಿಲ ಹತ್ತಿರವೇ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ಮಗ ಇವತ್ತು ಕರೆಯುತ್ತಾನೆ, ನಾಳೆ ಕರೆಯುತ್ತಾನೆ ಎಂದು ಬಟ್ಟೆ ತುಂಬಿದ ಚೀಲವನ್ನು ಮಂಚದ ಬುಡದಲ್ಲೇ ಇಟ್ಟುಕೊಂಡಿದ್ದಾರೆ. ನಮ್ಮಿಬ್ಬರ ನಡುವೆ ಈಗ ಉಳಿದಿರುವುದು "ಊಟಕ್ಕೆ ಬನ್ನಿ", "ಆಯಿತು" ಇಷ್ಟೇ. ಮನೆ ಅವರದು, ಹೊಲಿಗೆಯ ಸಂಪಾದನೆ ನನ್ನದು. ಇಬ್ಬರಿಗೂ ಬೇರೆ ದಾರಿಯಿಲ್ಲ.

ಮಧ್ಯಾಹ್ನ ನಮ್ಮ ಮನೆಯ ಶೆಡ್ಡಿಗೆ ಹೋದೆ. ಸುಳ್ಳೇಕೆ, ಕೈಯಲ್ಲಿ ಕಬ್ಬಿಣದ ಸಲಾಕೆ ಇತ್ತು. ಮುಂದಿನ ದೀಪಗಳೆರಡನ್ನೂ ಒಡೆದು ಹಾಕಿ, ಈಗ ತಗೊಂಡು ಹೋಗಿ ಎನ್ನಬೇಕು ಅಂತಿದ್ದೆ. ಮಾವ ತೀರಿಕೊಂಡ ಮೇಲೆ ಈ ಕಾರು ಓಡಿಲ್ಲ. ಇವರು ಮಾತ್ರ ಭಾನುವಾರ ಬಂದರೆ ಸಾಕು, ಟಾರ್ಪಾಲು ತೆಗೆದು, ಬಣ್ಣ ಉಜ್ಜಿ, ಹಿತ್ತಾಳೆಯ ಅಂಚುಗಳಿಗೆ ಹೊಳಪು ಕೊಟ್ಟು, ದೂರ ನಿಂತು ನೋಡಿ, ಮತ್ತೆ ಮುಚ್ಚಿಡುತ್ತಿದ್ದರು. ಬಾನೆಟ್ ಎತ್ತಿದ್ದನ್ನು ನಾನು ಒಂದು ದಿನವೂ ಕಾಣೆ.

ಇವತ್ತು ನಾನು ಎತ್ತಿದೆ. ಒಳಗೆ ಇಲಿ ಗೂಡು ಮಾಡಿತ್ತು. ಕೆಂಪು, ಹಳದಿ, ಗಿಣಿಹಸಿರು. ಎಲ್ಲ ನಾನು ಹೊಲಿದು ಬಿಸಾಡಿದ ಚೂರುಬಟ್ಟೆ. ಈ ಕಾರಿನ ಹತ್ತಿರ ಇಷ್ಟು ವರ್ಷ ನನಗಿಲ್ಲದ ಸಲಿಗೆ ಇಲಿಗಿತ್ತು ಎಂದು ನಗು ಬಂತು. ಸಲಾಕೆ ಕೆಳಗಿಟ್ಟೆ.

ಲಾರಿಯ ಮೇಲೆ ಹೆಣದ ಹಾಗೆ ಕಟ್ಟಿಕೊಂಡು ಹೋಗುವುದಕ್ಕೆ ನಾನು ಬಿಡುವುದಿಲ್ಲ. ಇದನ್ನು ಸ್ಟಾರ್ಟ್ ಮಾಡುತ್ತೇನೆ. ಮಾಡಿ, ಇವರ ಹೊಸ ಮನೆಯ ಬೀದಿಯಲ್ಲೇ ಮೆರವಣಿಗೆ ಹೋಗುತ್ತೇನೆ. ಆಕೆಯೂ ಕಿಟಕಿಯಿಂದ ನೋಡಲಿ.

ಫೆಬ್ರವರಿ ೮, ಬುಧವಾರ

ಮೂಲೆಯ ಗ್ಯಾರೇಜಿನವನನ್ನು ಕರೆಸಿದೆ. ಒಂದು ಗಳಿಗೆಯೂ ಬಾಯಿ ಮುಚ್ಚದ ಮನುಷ್ಯ, ಅದಕ್ಕೇ ಎಲ್ಲರೂ ಅವನನ್ನು ಸೈಲೆನ್ಸರ್ ಎನ್ನುತ್ತಾರೆ. ಬಂದವನೇ ಕಾರಿನ ಮೂತಿಗೆ, ಹಳೇ ಕಾರುಗಳನ್ನು ಕೈಯಿಂದ ಸ್ಟಾರ್ಟ್ ಮಾಡುವ ಹ್ಯಾಂಡಲ್ ಸಿಕ್ಕಿಸಿ ತಿರುಗಿಸಲು ನೋಡಿದ. ಆಗಲಿಲ್ಲ. ಮೈಭಾರವೆಲ್ಲ ಹಾಕಿ ಜೋತುಬಿದ್ದ. ಕಾರು ಅಲುಗಿತು, ಇಂಜಿನ್ ಅಲುಗಲಿಲ್ಲ.

"ಪೂರ್ತಿ ಜಾಮ್ ಆಗಿದೆ ಅಕ್ಕ. ಒಳಗೆ ಪಿಸ್ಟನ್ನುಗಳು ತುಕ್ಕು ಹಿಡಿದು ಗೋಡೆಗೆ ಕಚ್ಕೊಂಡು ಕೂತಿವೆ. ಗುಜರಿಯವನಿಗೆ ಹೇಳಿ, ನಾನೇ ಪರಿಚಯ ಮಾಡಿಸ್ತೀನಿ, ಒಳ್ಳೆ ಮನುಷ್ಯ, ಅವನ ಮಗಳ ಮದುವೇಲಿ ನಾನೇ..."

"ಹೊಲಿಗೆ ಮಿಷನ್ ಹೀಗೇ ಬಿಗಿದುಕೊಂಡ್ರೆ ನಾವು ಎಣ್ಣೆ ಕುಡಿಸಿ ಬಿಡ್ತೀವಿ. ತಾನಾಗೇ ಬಿಡುತ್ತೆ."

"ಇದು ಹೊಲಿಗೆ ಮಿಷನ್ ಅಲ್ಲ ಅಕ್ಕ!"

"ಕಬ್ಬಿಣ ತಾನೇ?"

"ಕಬ್ಬಿಣವೇ."

"ತುಕ್ಕು ತಾನೇ?"

ಅವನು ತಲೆ ಕೆರೆದುಕೊಂಡ. ಹೋಗುವ ಮುಂಚೆ ಪ್ಲಗ್ಗುಗಳನ್ನು ಬಿಚ್ಚಿಕೊಟ್ಟು, ಆ ತೂತುಗಳಿಗೆ ಯಾವ ಯಾವ ಎಣ್ಣೆ ಬೆರೆಸಿ ಬಿಡಬೇಕು ಎಂದು ಹೇಳಿದ. "ಆಗಲ್ಲ, ಆದ್ರೂ ಹೇಳಿರ್ತೀನಿ" ಎಂದ.

ಫೆಬ್ರವರಿ ೧೧, ಶನಿವಾರ

ಉದ್ದ ಮೂತಿಯ ಎಣ್ಣೆಡಬ್ಬಿ ನನ್ನ ಕೆಲಸದ್ದೇ. ಪ್ರತಿ ತೂತಿಗೂ ಬಿಟ್ಟಿದ್ದೇನೆ. ಒಳಗೆ ಕತ್ತಲೆ, ಎಣ್ಣೆ ಎಲ್ಲಿಗೆ ಹೋಗುತ್ತದೋ ಕಾಣುವುದಿಲ್ಲ.

ರವಿಕೆ ಹೊಲಿಸಲು ಬಂದ ಒಬ್ಬಳು ಅಳತೆ ಕೊಡುತ್ತಾ, "ಪಾಪ, ಹೋದವರು ಬಂದ್ರಾ?" ಎಂದು ಕೇಳಿದಳು. ಆ ಪಾಪ ಎನ್ನುವ ಮಾತಿಗೆ ನನ್ನ ಮೈ ಉರಿಯಿತು. ಇವರು ಹೋದಾಗಿನಿಂದ ನಾನು ಅಂಗಡಿಗೂ ಮುಂದಿನ ಬೀದಿಯಿಂದ ಹೋಗುವುದಿಲ್ಲ, ಹಿಂದಿನ ಓಣಿಯಿಂದ ಹೋಗಿ ಬರುತ್ತೇನೆ. ಈಗ ಪಾಪ ಮನೆಯೊಳಕ್ಕೇ ಬರುತ್ತಿದೆ. ಅವಳ ತೋಳನ್ನು ಒಂದು ಚೂರು ಬಿಗಿಯಾಗಿಯೇ ಹೊಲಿಯಬೇಕೆಂದಿದ್ದೇನೆ.

ಫೆಬ್ರವರಿ ೧೨, ಭಾನುವಾರ

ಅಲುಗಲಿಲ್ಲ.

ಫೆಬ್ರವರಿ ೧೫, ಬುಧವಾರ

ಇಲ್ಲ. ಅಂಗೈಯಲ್ಲಿ ಬೊಬ್ಬೆ ಎದ್ದಿದೆ. ಕತ್ತರಿ ಹಿಡಿಯಲು ಆಗುತ್ತಿಲ್ಲ. ಆದರೂ ಎಣ್ಣೆ ಬಿಟ್ಟೆ. ನೋಡೇಬಿಡೋಣ, ಅದರ ಹಟ ದೊಡ್ಡದೋ ನನ್ನದೋ.

ಫೆಬ್ರವರಿ ೧೯, ಭಾನುವಾರ

ಮುದುಕಿ ಶೆಡ್ಡಿಗೆ ಬಂದರು.

"ಮುಟ್ಟಬೇಡ ಅಂದಿದ್ದಾನಲ್ಲ ಅವನು. ಏನೇ ಇದು ನಿನ್ನ ಆಟ?"

"ನಿಮ್ಮ ಮಗ ಬಿಟ್ಟು ಹೋದದ್ದನ್ನೆಲ್ಲ ನೋಡಿಕೊಳ್ಳೋಳು ನಾನೇ ತಾನೇ? ಇದನ್ನೂ ನೋಡ್ಕೊತೀನಿ. ನಿಮ್ಮನ್ನ ನೋಡಿಕೊಳ್ಳೋ ಹಾಗೆ!"

ಮಾತು ಬಾಯಿಂದ ಬಿದ್ದುಹೋಯಿತು. ಅವರು ಸೆರಗು ಸರಿಮಾಡಿಕೊಂಡು ಒಳಗೆ ಹೋದರು. ನಾನು ಹೇಳಿದ್ದೇನೂ ಸುಳ್ಳಲ್ಲ. ಕ್ಷಮೆ ಕೇಳುವವಳೂ ಅಲ್ಲ. ಸಂಜೆ ಟೀ ಕೊಡುವಾಗ ಬಿಸಿ ಲೋಟ ಬೊಬ್ಬೆಗೆ ತಾಗಿ ಹಾ ಎಂದೆ. ಅವರು ಲೋಟ ತೆಗೆದುಕೊಂಡು, ನನ್ನ ಅಂಗೈ ತಿರುಗಿಸಿ ನೋಡಿ ಬಿಟ್ಟರು.

ಫೆಬ್ರವರಿ ೨೧, ಮಂಗಳವಾರ

ಬೆಳಿಗ್ಗೆ ಅವರು ಮಗನಿಗೆ ಫೋನ್ ಹಚ್ಚಿಕೊಡು ಎಂದರು. ಹಚ್ಚಿಕೊಟ್ಟೆ. ಚಾಡಿ ಹೇಳುತ್ತಾರೆ, ಹೇಳಲಿ ಎಂದುಕೊಂಡೆ. ಆ ಕಡೆ ರಿಂಗಾಯಿತು, ಎತ್ತಲಿಲ್ಲ. ಮತ್ತೆ ಹಚ್ಚು ಎಂದರು. ಈ ಸಲ ಅರ್ಧ ರಿಂಗಿಗೇ ಕಟ್ಟಾಯಿತು. "ಕೆಲಸದಲ್ಲಿರ್ತಾನೆ" ಎಂದು ಫೋನನ್ನು ನನ್ನ ಕೈಗೆ ವಾಪಸು ಕೊಟ್ಟರು.

ಆಮೇಲೆ ನಾನು ಹ್ಯಾಂಡಲ್ ಹಿಡಿದು ಹೆಣಗುತ್ತಿದ್ದಾಗ ಹಿಂದಿನಿಂದ ಒಂದು ಕೂಗು.

"ಹೆಬ್ಬೆರಳು ತೆಗಿ! ಹೆಬ್ಬೆರಳು ಸುತ್ತಬೇಡ್ವೇ!"

ಬೆಚ್ಚಿ ಕೈಬಿಟ್ಟೆ. ಅತ್ತೆ ಹತ್ತಿರ ಬಂದು, ನಾಲ್ಕು ಬೆರಳಿನ ಪಕ್ಕದಲ್ಲೇ ಹೆಬ್ಬೆರಳನ್ನೂ ಮಡಚಿ ಹ್ಯಾಂಡಲ್ ಹಿಡಿದು ತೋರಿಸಿದರು. "ಹೀಗೆ. ಇಂಜಿನ್ ಒದೆಯುತ್ತೆ. ಹೆಬ್ಬೆರಳು ಸುತ್ತಿದ್ರೆ ಮುರಿದು ಹಾಕುತ್ತೆ."

"ನಿಮಗೆ ಹೇಗೆ ಗೊತ್ತು?"

ಅವರು ಬಲಗೈ ಎತ್ತಿ ಹಿಡಿದರು. ಆ ಸೊಟ್ಟ ಹೆಬ್ಬೆರಳನ್ನು ನಾನು ಮದುವೆಯಾಗಿ ಬಂದ ದಿನದಿಂದ ನೋಡುತ್ತಿದ್ದೇನೆ. ವಾತ ಎಂದುಕೊಂಡಿದ್ದೆ.

"ನಿಮ್ಮ ಮಾವ ಸ್ಟೀರಿಂಗ್ ಹಿಡ್ಕೊಂಡು ಕೂತಿರೋರು. ಚಳೀಲಿ ಬ್ಯಾಟರಿ ಎತ್ತುತ್ತಿರಲಿಲ್ಲ, ನಾನೇ ಹ್ಯಾಂಡಲ್ ಹೊಡೀತಿದ್ದೆ. ದಿನಾ ಬೆಳಿಗ್ಗೆ. ಇವನು ಹೊಟ್ಟೇಲಿದ್ದಾಗ ಕೂಡ."

"ಸ್ಟಾರ್ಟ್ ಆದ ಮೇಲೆ?"

"ಆದ ಮೇಲೆ ಏನು? ಅವರು ಹೊರಟುಹೋಗೋರು. ನಾನು ಒಲೆ ಹಚ್ಚೋಕೆ ಒಳಗೆ ಹೋಗ್ತಿದ್ದೆ."

ಇದನ್ನು ಹೇಳುವಾಗ ಅವರ ದನಿಯಲ್ಲಿ ದೂರು ಇರಲಿಲ್ಲ. ಸಿಟ್ಟು ಬಂದದ್ದು ನನಗೆ.

ಫೆಬ್ರವರಿ ೨೬, ಭಾನುವಾರ

ಅಲುಗಿತು!

ಉಪಾಯ ಅತ್ತೆಯದು. ಹ್ಯಾಂಡಲ್ ಒಂದಕ್ಕೇ ಜಗ್ಗಬೇಡ, ಟಾಪ್ ಗೇರಿಗೆ ಹಾಕಿ ಕಾರನ್ನೇ ಹಿಂದಕ್ಕೆ ಮುಂದಕ್ಕೆ ತೂಗು, ಒಂದ್ಸಲ ಮಳೆಗಾಲದಲ್ಲಿ ಕಚ್ಚಿಕೊಂಡಾಗ ಹಾಗೇ ಬಿಡಿಸಿದ್ದು ಎಂದರು. ಸೈಲೆನ್ಸರ್ ಟೈರಿಗೆ ಗಾಳಿ ತುಂಬಿ, ಗಟ್ಟಿಯಾಗಿ ಕೂತಿದ್ದ ಬ್ರೇಕನ್ನು ಹೇಗೋ ಸಡಿಲ ಮಾಡಿಕೊಟ್ಟ. ಮುಂದಿನಿಂದ ಅವನು, ಹಿಂದಿನಿಂದ ನಾವಿಬ್ಬರು. ತೊಟ್ಟಿಲು ತೂಗಿದ ಹಾಗೆ ತೂಗಿದೆವು. ಸೊಂಟ ಬಿದ್ದುಹೋಯಿತು ಅನ್ನುವಷ್ಟರಲ್ಲಿ ಒಳಗೆಲ್ಲೋ ಟಕ್ ಎಂದಿತು. ಗಂಟು ಸಡಿಲಾದ ಹಾಗೆ. ಓಡಿಹೋಗಿ ಹ್ಯಾಂಡಲ್ ಹಿಡಿದೆ, ಹೆಬ್ಬೆರಳು ಪಕ್ಕಕ್ಕಿಟ್ಟುಕೊಂಡು. ಅಂಗುಲದಷ್ಟು ಬಂತು. ಮತ್ತೆ ಎಣ್ಣೆ ಬಿಟ್ಟೆವು. ಸಂಜೆಯ ಹೊತ್ತಿಗೆ ಪೂರ್ತಿ ಒಂದು ಸುತ್ತು!

ಸೈಲೆನ್ಸರ್ ಸುಮ್ಮನಾಗಿಬಿಟ್ಟಿದ್ದ. ಅವನ ಬಾಯಿ ಕಟ್ಟಿದ್ದನ್ನು ನೋಡಿದವರು ಈ ಬೀದಿಯಲ್ಲಿ ನಾವಿಬ್ಬರೇ ಇರಬೇಕು.

ಅವರು ಇದನ್ನು ಒಂದು ಸಲವಾದರೂ ತೂಗಿ ನೋಡಿದ್ದರೆ! ಭಾನುವಾರಗಳೆಲ್ಲ ಉಜ್ಜಿದ್ದೇ ಬಂತು.

ಮಾರ್ಚ್ ೪, ಶನಿವಾರ

ಪೆಟ್ರೋಲ್ ಟ್ಯಾಂಕ್ ಖಾಲಿ ಮಾಡಿದೆವು. ಬಂದದ್ದು ಪೆಟ್ರೋಲಲ್ಲ, ಕಂದು ಬಣ್ಣದ ಗೋಂದು. ವಾರ್ನಿಷ್ ವಾಸನೆಗೆ ಮನೆಯೆಲ್ಲ ತಲೆನೋವು. ಕಾರ್ಬ್ಯುರೇಟರ್ ಈಗ ನನ್ನ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಬಿಡಿಬಿಡಿಯಾಗಿ ಬಿದ್ದಿದೆ. ಶಾಲೆಯ ಯೂನಿಫಾರ್ಮಿನ ಬಟ್ಟೆ ನೆಲಕ್ಕಿಳಿದಿದೆ.

ಹಿತ್ತಾಳೆಯ ಸಣ್ಣ ಸಣ್ಣ ತೂತುಗಳಲ್ಲಿ ಕೊಳೆ ಕಟ್ಟಿತ್ತು. ನಾನು ಸೂಜಿ ಹಾಕಲು ಹೋದೆ, ಸೈಲೆನ್ಸರ್ ಹಾರಿಬಿದ್ದ. "ತೂತು ದೊಡ್ಡದಾದ್ರೆ ಮುಗೀತು ಅಕ್ಕ, ಪೆಟ್ರೋಲ್ ಕುಡಿಯೋ ರಾಕ್ಷಸ ಆಗುತ್ತೆ." ಆಮೇಲೆ ನೈಲಾನ್ ದಾರ ಪೋಣಿಸಿ ಎಳೆದೆವು. ದಾರ ಪೋಣಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ.

ಒರೆಸಲು ಬಟ್ಟೆ ಸಾಲಲಿಲ್ಲ. ನನ್ನ ಚೂರುಗಳೆಲ್ಲ ಎಣ್ಣೆ ಹೀರದ ಪಾಲಿಯೆಸ್ಟರ್. ಅತ್ತೆ ಎದ್ದು ಒಳಗೆ ಹೋದರು. ಮಂಚದ ಬುಡದ ಚೀಲದ ಜಿಪ್ ತೆಗೆದ ಸದ್ದಾಯಿತು. ಮೆತ್ತಗಿನ ಹತ್ತಿ ಸೀರೆಯೊಂದನ್ನು ತಂದು, ಅಂಚಿಗೆ ಹಲ್ಲು ಹಾಕಿ, ಪರ್ರನೆ ಎರಡಾಗಿ ಹರಿದರು.

"ಅತ್ತೆ, ಅದು ಒಳ್ಳೇ ಸೀರೆ!"

"ನೂಲು ಚೆನ್ನಾಗಿದೆ, ಎಣ್ಣೆ ಹೀರುತ್ತೆ. ಸಾಲದಿದ್ರೆ ಇನ್ನೊಂದಿದೆ."

ಮಾರ್ಚ್ ೯, ಗುರುವಾರ

ಮನೆ ಬಿಟ್ಟು ಹೋದವನ ಫೋನ್ ಬಂತು. ನನ್ನ ಕೈ ಗ್ರೀಸಾಗಿತ್ತು, ಅತ್ತೆ ಎತ್ತಿದರು. "ಹೂಂ. ಹೂಂ. ಚೆನ್ನಾಗಿದೀನಿ" ಎಂದರು. ಆಮೇಲೆ ಗೋಡೆಯ ಕಡೆ ತಿರುಗಿ, ಮೆಲ್ಲಗೆ, "ನನ್ನನ್ನ?" ಎಂದರು. ಬಹಳ ಹೊತ್ತು ಕೇಳಿಸಿಕೊಂಡರು.

"ಮುಂದಿನ ವಾರ ಕೊನೆಗೆ ಲಾರಿ ತರ್ತಾನಂತೆ. ಮೊದಲು ಕಾರು. ನನ್ನದು ಮಳೆಗಾಲ ಕಳೀಲಿ ಅಂದ, ಅಲ್ಲಿ ರೂಮು ಚಿಕ್ಕದಂತೆ."

ಕಾರಿಗೆ ಶೆಡ್ ಕಟ್ಟಿಸಿದವನ ಮನೆಯಲ್ಲಿ ತಾಯಿಗೆ ರೂಮು ಚಿಕ್ಕದು. ನಾನು ಇದನ್ನು ಜೋರಾಗಿ ಹೇಳಬೇಕೆಂದಿದ್ದೆ. ಅವರ ಮುಖ ನೋಡಿ ನುಂಗಿಕೊಂಡೆ. ಅತ್ತೆ ಎದ್ದು ಬಂದು, "ಆ ಪಾಯಿಂಟು ಉಜ್ಜಿದ್ಯಾ? ಕಿಡಿ ಸರಿಯಾಗಿ ಬರದಿದ್ರೆ ಏನು ಮಾಡಿದ್ರೂ ಅಷ್ಟೇ" ಎಂದರು. ಉಜ್ಜುವ ಕಾಗದ ಕೊಟ್ಟೆ. ಅವರೇ ಉಜ್ಜಿದರು. ಪಾಯಿಂಟು ಸವೆದುಹೋಗುವುದೇನೋ ಅನ್ನುವಷ್ಟು ಉಜ್ಜಿದರು.

ಮಾರ್ಚ್ ೧೪, ಮಂಗಳವಾರ

ಹೊಸ ಬ್ಯಾಟರಿ, ಹೊಸ ಎಣ್ಣೆ, ಹೊಸ ರಬ್ಬರ್ ಪೈಪುಗಳು. ಇವತ್ತು ಆಗೇ ಆಗುತ್ತದೆ ಎಂದು ಸೈಲೆನ್ಸರ್ ತಾನೇ ಹ್ಯಾಂಡಲ್ ಹಿಡಿದ. ಆಯಿತು ನೋಡಿ, ಪಟಾಕಿ ಸಿಡಿದ ಹಾಗೆ ಢಂ! ಬೆಂಕಿ ಕಾರ್ಬ್ಯುರೇಟರಿನಿಂದ ಹೊರಗೆ ಬಂತು. ಪ್ಲಗ್ಗಿನ ವೈರುಗಳನ್ನು ಅವನೇ ಅದಲುಬದಲು ಸಿಕ್ಕಿಸಿದ್ದ. ಬಗ್ಗಿ ನೋಡಿದವನ ಒಂದು ಹುಬ್ಬು ಹೋಯಿತು. "ಇನ್ನೊಂದಿದೆಯಲ್ಲ ಅಕ್ಕ, ಸಾಕು" ಎನ್ನುತ್ತಾನೆ ಪುಣ್ಯಾತ್ಮ.

ಸದ್ದಿಗೆ ಬೀದಿಯವರೆಲ್ಲ ಗೇಟಿನ ಹತ್ತಿರ ಸೇರಿದರು. ರವಿಕೆಯವಳೂ ಬಂದಿದ್ದಳು. ಮುಖಕ್ಕೆ ಮಸಿ ಮೆತ್ತಿಕೊಂಡು ನಿಂತಿದ್ದ ನನ್ನನ್ನು ನೋಡಿ, "ಏನಾಯ್ತು?" ಎಂದಳು. "ಇನ್ನೂ ಆಗಿಲ್ಲ, ಆಗುತ್ತೆ" ಎಂದೆ. ಪೆಟ್ರೋಲ್ ತರಲು ಕ್ಯಾನ್ ಹಿಡಿದು ಅವರ ಮಧ್ಯದಿಂದಲೇ ಹೋದೆ. ಮುಂದಿನ ಬೀದಿಯೇ ಹತ್ತಿರ.

ಮಾರ್ಚ್ ೧೮, ಶನಿವಾರ

ಗ್ರೀಸು ತೊಳೆಯದ ಕೈಯಲ್ಲೇ ಬರೆಯುತ್ತಿದ್ದೇನೆ.

ಸೈಲೆನ್ಸರ್ ಇರಲಿಲ್ಲ, ಯಾರದೋ ಬಸ್ಸು ರಿಪೇರಿಗೆ ಹೋಗಿದ್ದ. ಕಾಯಬೇಕಿತ್ತು. ಕಾಯಲಿಲ್ಲ. ವೈರುಗಳನ್ನು ಸರಿಯಾಗಿ ಸಿಕ್ಕಿಸಿದ್ದಾಗಿತ್ತು. ಸ್ಟಾರ್ಟರ್ ಮೋಟಾರು ಕರಕರ ಎಂದು ಸತ್ತುಹೋಯಿತು, ಹಾಗಾಗಿ ಹ್ಯಾಂಡಲ್ಲೇ ಗತಿ. ಅತ್ತೆ ಹಳೇ ಅಭ್ಯಾಸದಂತೆ ಕಾರಿನ ಮೂತಿಯ ಹತ್ತಿರ ಹೋಗಿ ನಿಂತರು.

"ಅಲ್ಲಲ್ಲ. ಇವತ್ತು ನೀವು ಒಳಗೆ ಕೂತ್ಕೊಳ್ಳಿ" ಎಂದೆ.

"ಎಲ್ಲಿ?"

"ಸ್ಟೀರಿಂಗ್ ಮುಂದೆ. ಇಂಜಿನ್ ಹತ್ತಿಕೊಂಡಾಗ ಮೆಲ್ಲಗೆ ಆಕ್ಸಿಲರೇಟರ್ ಒತ್ತಬೇಕು."

"ನಾನು ಆ ಸೀಟಲ್ಲಿ ಕೂತೇ ಇಲ್ಲ ಕಣೇ."

"ಈಗ ಕೂತ್ಕೊಳ್ಳಿ."

ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಹತ್ತಿದರು. ಆ ದೊಡ್ಡ ಚಕ್ರದ ಹಿಂದೆ ತಲೆ ಮಾತ್ರ ಕಾಣುತ್ತಿತ್ತು. ದಿಂಬು ತಂದು ಕೆಳಗೆ ಹಾಕಿದೆ. ನಾನು ಹ್ಯಾಂಡಲ್ ಹಿಡಿದು ಜಗ್ಗಿದೆ. ಇಲ್ಲ. ಮತ್ತೆ. ಕೆಮ್ಮಿತು. ಮತ್ತೆ. ಒದೆಯಿತು, ಹ್ಯಾಂಡಲ್ ಕೈಯಿಂದ ಹಾರಿತು, ಹೆಬ್ಬೆರಳು ಉಳಿಯಿತು. ಕಣ್ಣಲ್ಲಿ ನೀರು. "ಹತ್ತಲ್ಲ ಅಂತೀಯಾ? ಹತ್ತಲ್ಲ ಅಂತೀಯಾ?" ಎಂದು ಕಿರುಚಿಕೊಂಡೇ ಜಗ್ಗಿದೆ. ಯಾರಿಗೆ ಹೇಳಿದೆನೋ. ಹತ್ತಿಕೊಂಡಿತು!

ಮೊದಲು ಒಂದು ಸಿಲಿಂಡರು, ಆಮೇಲೆ ಇನ್ನೊಂದು, ಕುಂಟುತ್ತಾ ಕುಂಟುತ್ತಾ, ಆಮೇಲೆ ಎಲ್ಲ ಒಟ್ಟಿಗೆ. ಶೆಡ್ಡೆಲ್ಲ ನೀಲಿ ಹೊಗೆ. ಹೊಗೆಯೊಳಗಿಂದ ಅತ್ತೆ "ಒತ್ತಲಾ? ಬಿಡಲಾ? ಏನೇ ಮಾಡ್ಲಿ?" ಎಂದು ಕೂಗುತ್ತಿದ್ದರು. "ಒತ್ತಿ!" ಎಂದೆ. ಒತ್ತಿದರು. ಹೆಂಚಿನ ಸಂದಿಯ ಧೂಳೆಲ್ಲ ನನ್ನ ತಲೆಗೆ ಸುರಿಯಿತು.

ಮಾರ್ಚ್ ೧೯, ಭಾನುವಾರ

ಅತ್ತೆಯ ಮಗ ಲಾರಿ ತಂದಿದ್ದ.

ಬೆಳಿಗ್ಗೆ ಇಂಜಿನ್ ಬೆಚ್ಚಗಾಗಲಿ ಎಂದು ಸ್ಟಾರ್ಟ್ ಮಾಡಿ ಬಿಟ್ಟಿದ್ದೆವು. ಅತ್ತೆ ದಿಂಬಿನ ಮೇಲೆ ಕೂತಿದ್ದರು. ಅವನು ಗೇಟಿನಲ್ಲೇ ಸದ್ದು ಕೇಳಿ ನಿಂತುಬಿಟ್ಟ. ಹತ್ತಿರ ಬಂದು ಬಾನೆಟ್ ಮೇಲೆ ಅಂಗೈ ಇಟ್ಟ. ಕಣ್ಣು ತುಂಬಿತ್ತು, ಅದು ಸುಳ್ಳಲ್ಲ.

"ಯಾರು ರೆಡಿ ಮಾಡಿದ್ದು?"

"ನಿಮ್ಮಮ್ಮ, ನಾನು" ಎಂದೆ.

ಅದು ಅವನಿಗೆ ಕೇಳಿಸಲೇ ಇಲ್ಲವೇನೋ. ಲಾರಿಯವರ ಕಡೆ ತಿರುಗಿ, "ನೀವು ಹೋಗಿ, ಓಡಿಸ್ಕೊಂಡೇ ಬರ್ತೀನಿ" ಎಂದು, ಬಾಗಿಲು ತೆಗೆದ. "ಅಮ್ಮ, ಇಳಿ."

"ಇಳಿಯಲ್ಲ."

"ಹಾಗಾದ್ರೆ ನೀನೂ ಬಾ. ಪಕ್ಕಕ್ಕೆ ಜರುಗು. ಬಟ್ಟೆಬರೆ ಆಮೇಲೆ ತರಿಸೋಣ."

ಅವರು ಇಷ್ಟು ಕಾಲ ಕಾದಿದ್ದು ಈ ಒಂದು ಮಾತಿಗೆ. ಜರುಗಿಬಿಡುತ್ತಾರೆ ಎಂದುಕೊಂಡೆ. ಜರುಗಿದರೆ ತಪ್ಪೂ ಅಲ್ಲ, ಹೆತ್ತ ಮಗ.

ಅತ್ತೆ ಅವನನ್ನೇ ನೋಡಿದರು. "ನೀನು ಕರ್ಕೊಂಡು ಹೋಗೋಕೆ ಬಂದಿದ್ದು ನನ್ನನ್ನೋ ಕಾರನ್ನೋ?"

"ಎರಡೂ ಒಂದೇ ಅಲ್ವೇನಮ್ಮ!"

ಅವರು ಬಾಗಿಲು ಎಳೆದುಕೊಂಡು ಆಕ್ಸಿಲರೇಟರ್ ಒತ್ತಿದರು. ಇಂಜಿನ್ ಗರ್ಜಿಸಿತು. ಅವನ ಬಾಯಿ ಆಡುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ಅತ್ತೆ ಕಾಲು ಸಡಿಲಿಸಿ, ಕಿವಿಗೆ ಕೈ ಅಡ್ಡ ಹಿಡಿದು "ಏನಂದೆ?" ಎಂದರು. ಅವನು ಶುರು ಮಾಡಿದ ಕೂಡಲೇ ಮತ್ತೆ ಒತ್ತಿದರು. ಲಾರಿಯವರು ಮುಖ ತಿರುಗಿಸಿ ನಗುತ್ತಿದ್ದರು. ಅವನು ನನ್ನತ್ತ ನುಗ್ಗಿ ಬಂದ.

"ಇದೆಲ್ಲ ನೀನು ಹೇಳಿಕೊಟ್ಟಿದ್ದು! ಇದು ನಮ್ಮಪ್ಪನ ಕಾರು!"

"ಕಾರು ನಿಮ್ಮಪ್ಪಂದೇ. ಆದ್ರೆ ಹ್ಯಾಂಡಲ್ ಹೊಡೆದೋರು ನಾವು. ಬೇಕಾದ್ರೆ ಈಗ ಆರಿಸ್ತೀನಿ, ನೀವು ಸ್ಟಾರ್ಟ್ ಮಾಡಿ ತೋರಿಸಿ."

ಗ್ರೀಸು ಮೆತ್ತಿದ ಹ್ಯಾಂಡಲ್ಲನ್ನು ಅವನ ಮುಂದೆ ಚಾಚಿದೆ. ಅವನು ಅದನ್ನು ನೋಡಿದ, ತನ್ನ ಬಿಳಿ ಅಂಗಿಯನ್ನು ನೋಡಿಕೊಂಡ. ತೆಗೆದುಕೊಳ್ಳಲಿಲ್ಲ. ಲಾರಿ ಬಂದ ಹಾಗೇ ಖಾಲಿ ಹೋಯಿತು.

ಅವನು ಹೋಗಿ ಬೀದಿ ತಿರುಗಿದ ಮೇಲೂ ಇಂಜಿನ್ ಗರ್ಜಿಸುತ್ತಲೇ ಇತ್ತು. ಹೋಗಿ ನೋಡಿದರೆ ಅತ್ತೆಯ ಕಾಲು ಇನ್ನೂ ಒತ್ತಿಯೇ ಇತ್ತು, ಕಣ್ಣು ಗೋಡೆಯ ಮೇಲಿತ್ತು. ನಾನು ಕೀಲಿ ತಿರುಗಿಸಿ ಆರಿಸಿದೆ. ಸದ್ದು ನಿಂತ ಮೇಲೆ ಅತ್ತರು. ಪಕ್ಕದ ಸೀಟಿನಲ್ಲಿ ಕೂತು ಅವರ ಕೈ ಹಿಡಿದುಕೊಂಡೆ. ಇಬ್ಬರ ಕೈಯೂ ಗ್ರೀಸು.

ಏಪ್ರಿಲ್ ೨, ಭಾನುವಾರ

ಬ್ರೇಕು, ರೇಡಿಯೇಟರು ಎಲ್ಲ ಮುಗಿದು ಇವತ್ತು ಹೊರಗೆ ತೆಗೆದೆವು. ಮದುವೆಗೆ ಮುಂಚೆ ಅಪ್ಪನ ಬಟ್ಟೆ ಅಂಗಡಿಯ ವ್ಯಾನು ಓಡಿಸುತ್ತಿದ್ದವಳು ನಾನು, ಕೈ ಮರೆತಿರಲಿಲ್ಲ. ಎಲ್ಲಿಗೆ ಹೋಗೋಣ ಎಂದರೆ ನಮ್ಮತ್ತೆ, "ನೇರ ಹೋಗು, ರಸ್ತೆ ಇರೋವರೆಗೂ" ಎಂದರು. ಕೆರೆ ದಂಡೆಯವರೆಗೆ ಹೋಗಿ, ಎಳನೀರು ಕುಡಿದು ಬಂದೆವು.

ಬರುವಾಗ ದೊಡ್ಡ ಚೌಕದ ನಟ್ಟನಡುವೆ ನಿಂತುಹೋಯಿತು. ಬಿಸಿಲಿಗೆ ಇಂಜಿನ್ ಕಾದಿತ್ತು. ಹಿಂದೆ ಬಸ್ಸು, ಆಟೋ, ಎಲ್ಲರೂ ಹಾರನ್ನು. ಒಬ್ಬ ತಲೆ ಹೊರಹಾಕಿ, "ರೀ, ಯಾವ ಮ್ಯೂಸಿಯಮ್ಮಿಂದ ಕದ್ದು ತಂದ್ರಿ?" ಎಂದು ಕೂಗಿದ. "ನಿಮ್ಮ ಕಾರು ಈ ವಯಸ್ಸಿಗೆ ಉಸಿರಾಡುತ್ತಾ ನೋಡೋಣ!" ಎಂದು ಅತ್ತೆ ತಿರುಗಿಸಿ ಕೂಗಿದರು.

ಪೊಲೀಸಿನವನು ಬಂದ. "ಅಮ್ಮ, ಪಕ್ಕಕ್ಕೆ ತಳ್ಳಿಸಲಾ? ನಾಲ್ಕು ಜನ ಗಂಡಸರನ್ನ ಕರೀತೀನಿ."

"ಬೇಡ. ಹೊಗೆ ಬರುತ್ತೆ, ದೂರ ನಿಂತ್ಕೊಳ್ಳಿ" ಎಂದೆ.

ನಮ್ಮತ್ತೆ ಡ್ರೈವರ್ ಸೀಟಿಗೆ ಜರುಗಿದರು. ನಾನು ಇಳಿದು ಹ್ಯಾಂಡಲ್ ಹಾಕಿದೆ. ಜಡೆ ಬಿಚ್ಚಿಹೋಯಿತು, ಬೆವರು ಕಣ್ಣಿಗಿಳಿಯಿತು, ಚೌಕದ ನಾಲ್ಕೂ ಕಡೆಯವರು ನೋಡುತ್ತಿದ್ದರು. ನೋಡಲಿ ಬಿಡು. ಜಗ್ಗಿದೆ, ಜಗ್ಗಿದೆ, ಹತ್ತಿತು.

ಬಾಗಿಲ ಹತ್ತಿರ ಬಂದರೆ ನಮ್ಮತ್ತೆ ಜರುಗಲೊಲ್ಲರು. ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದು, "ಮೊದಲನೇ ಗೇರು ಯಾವ ಕಡೆಗೇ?" ಎಂದರು.

"ಇಲ್ಲಿ ಬೇಡ ಅತ್ತೆ. ಮನೆ ಹಿಂದಿನ ಮೈದಾನದಲ್ಲಿ ಹೇಳಿಕೊಡ್ತೀನಿ."

"ಯಾವತ್ತು?"

"ನಾಳೆ."

"ನಾಳೆ ನೀನು ಯೂನಿಫಾರ್ಮ್ ಕೊಡಬೇಕಲ್ಲ?"

"ಕಾಯಲಿ."

"ಹಾಗಾದ್ರೆ ಸರಿ" ಎಂದು ಜರುಗಿದರು.